ಬಲಗಡೆ ಓಡಾಡುವ ಊರು

ಆ ದಿನ ಬೆಳಿಗ್ಗೆಯೂ ಎಂದಿನಂತೆ ಐದೂವರೆಗೆ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ಹೊಸಿಲ ಮುಂದೆ ಎರಡೆಳೆ ರಂಗೋಲಿ ಬಿಟ್ಟು ಒಳಗೆ ಬಂದೆ. ಅತ್ತೆ ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತಿದ್ದರು. ಅವರ ಪೂಜೆ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಯಾರೂ ದೊಡ್ಡ ದನಿಯಲ್ಲಿ ಮಾತಾಡುವಂತಿರಲಿಲ್ಲ. ಮುಗಿದದ್ದು ನನಗೆ ಗೊತ್ತಾಗುತ್ತಿದ್ದುದು ವಿಭೂತಿ ಡಬ್ಬಿಯ ಮುಚ್ಚಳ ಟಕ್ಕೆಂದಾಗ. ಆ ಸದ್ದು ಬಂದ ಮೇಲೇ ನಾನು ರೊಟ್ಟಿ ಬಡಿಯಲು ಕೂರುತ್ತಿದ್ದೆ. ಶಿಕಾರಿಪುರದವರಾದ ಅತ್ತೆಗೂ ಯಜಮಾನರಿಗೂ ಜೋಳದ ರೊಟ್ಟಿ. ಸೊರಬದವಳಾದ ನನಗೂ, ನನ್ನ ನಾಲಿಗೆಯನ್ನೇ ಪಡೆದು ಹುಟ್ಟಿದ ಮಗಳಿಗೂ ಅಕ್ಕಿ ರೊಟ್ಟಿ. ಎರಡು ಹಿಟ್ಟು, ಎರಡು ಹದ, ಹಂಚು ಮಾತ್ರ ಒಂದೇ.

ಮಗಳಿಗೆ ಎರಡು ಜಡೆ ಹಾಕಿ, ರಿಬ್ಬನ್ನು ಮಡಚಿ ಕಟ್ಟಿ, ಶಾಲೆಗೆ ಕಳಿಸಿದೆ. ಯಜಮಾನರದು ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಆವತ್ತು ಅಂಗಡಿಗೆ ವಾರದ ರಜೆ. ಅವರು ಪೇಪರು ಹಿಡಿದು ಕೂತಲ್ಲೇ ಎರಡನೆಯ ಲೋಟ ಚಹಾ ಕೇಳಿದಾಗ, ಇವತ್ತು ಕೇಳುವ ದಿನ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ.

ನಾನು ಕೇಳಬೇಕೆಂದಿದ್ದುದು ವ್ಯಾನು ಓಡಿಸಲು ಕಲಿಯುವ ವಿಷಯ. ನನ್ನ ತಂಗಿಗೆ ಆಗ ಐದು ತಿಂಗಳು. ಹೆರಿಗೆಗೆಂದು ಸೊರಬದ ತವರಿಗೆ ಬರುವವಳಿದ್ದಳು. ನಮ್ಮ ಅಮ್ಮನೊಬ್ಬಳ ಕೈಯಲ್ಲಿ ಬಾಣಂತನ ಆಗುವ ಮಾತಲ್ಲ. ನಾನು ವಾರಕ್ಕೆರಡು ಸಲವಾದರೂ ಹೋಗಬೇಕು. ಬಸ್ಸಿನಲ್ಲಿ ಹೋದರೆ ಶಿರಾಳಕೊಪ್ಪದಲ್ಲಿ ಇಳಿದು ಕಾಯ್ದು, ಇನ್ನೊಂದು ಹತ್ತಿ, ಅಲ್ಲಿ ಒಂದು ಕೆಲಸ ಹಿಡಿಯುವಷ್ಟರಲ್ಲಿ ವಾಪಸು ಬರುವ ಹೊತ್ತಾಗುತ್ತಿತ್ತು. ರಾತ್ರಿ ಉಳಿಯೋಣವೆಂದರೆ ಇಲ್ಲಿ ಅತ್ತೆಗೆ ಮಂಡಿನೋವು, ಮಗಳಿಗೆ ಶಾಲೆ. ಅಂಗಡಿಗೆ ಸ್ಕೂಟರಿನಲ್ಲಿ ಹೋಗುವ ಯಜಮಾನರ ಬಿಳೀ ವ್ಯಾನು ಮಾತ್ರ ವಾರದಲ್ಲಿ ಐದು ದಿನ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ತಣ್ಣಗೆ ನಿಂತಿರುತ್ತಿತ್ತು. ಅದರ ಗಾಜು ಒರೆಸುವವಳು ನಾನು. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಮೊದಲು ಕಾಣುತ್ತಿದ್ದುದೂ ನನಗೇ. ಓಡಿಸುವುದೊಂದು ಬಾಕಿ.

ಈ ಮಾತು ಮೊದಲೂ ಎರಡು ಸಲ ಬಂದಿತ್ತು. ಎರಡು ಸಲವೂ ಯಜಮಾನರು ನಕ್ಕು, "ಶಿರಾಳಕೊಪ್ಪದ ಸಂತೆ ದಿವ್ಸ ಆ ರೋಡಲ್ಲಿ ನಾನೇ ನಡುಗ್ತೀನಿ. ನಿಂಗ್ಯಾಕೆ ಬೇಕೇ ಅದು?" ಎಂದು ಮುಗಿಸಿದ್ದರು. ಅವರು ಕೆಟ್ಟವರೇನಲ್ಲ. ಅವರಿಗೆ ಹೆದರಿಕೆ, ಅಷ್ಟೇ. ಹೆದರಿಕೆಯನ್ನು ನಗುವಿನಲ್ಲಿ ಹೇಳುವುದು ಅವರ ರೂಢಿ.

ಇಲ್ಲಿ ನಮ್ಮ ಮನೆಗೆ ಬಂದಿದ್ದ ಕಂಪ್ಯೂಟರಿನ ಸುದ್ದಿ ಹೇಳಬೇಕು. ಆಗ ತೊಂಬತ್ತರ ದಶಕದ ಕೊನೆ. ಅಂಗಡಿಯ ಬಿಲ್ಲು ಹೊಡೆಯಲೆಂದು ಶಿವಮೊಗ್ಗದಲ್ಲಿ ಜೋಡಿಸಿ ತಂದ ಕಂಪ್ಯೂಟರು, ಅಂಗಡಿಯಲ್ಲಿ ಧೂಳು ಎಂಬ ಕಾರಣಕ್ಕೆ ನಮ್ಮ ನಡುಮನೆಯಲ್ಲಿ ನೆಲೆಯಾಗಿತ್ತು. ಆಯುಧಪೂಜೆಯಂದು ಅತ್ತೆ ಎಳೆದ ಮೂರು ಬೆರಳಿನ ವಿಭೂತಿ ಅದರ ಡಬ್ಬಿಯ ಮೇಲೆ ಇನ್ನೂ ಇತ್ತು. ಒರೆಸಲು ಯಾರಿಗೂ ಮನಸ್ಸಾಗಿರಲಿಲ್ಲ. ಹಳೆಯ ಸೀರೆಯ ಸೆರಗಿನಿಂದ ಅದಕ್ಕೆ ನಾನೇ ಗವಸು ಹೊಲಿದಿದ್ದೆ. ಜೋಡಿಸಿಕೊಟ್ಟವರು ಹೋಗುವಾಗ ಅದರೊಳಗೆ ಒಂದು ಆಟ ಹಾಕಿ ಹೋಗಿದ್ದರು. ಬಿಲ್ಲಿಗಿಂತ ಆಟವೇ ಹೆಚ್ಚು ನಡೆಯುತ್ತಿತ್ತು.

ಆಟವೆಂದರೆ ಒಂದು ದೊಡ್ಡ ಪಟ್ಟಣ. ಅಮೆರಿಕೆಯ ಪಟ್ಟಣವಂತೆ. ಮಾಳಿಗೆಯ ಮೇಲೆ ನಿಂತು ಕೆಳಗೆ ಬಗ್ಗಿ ನೋಡಿದಂತೆ ರಸ್ತೆಗಳೆಲ್ಲ ಕಾಣುತ್ತಿದ್ದವು. ಕಾರುಗಳ ಬೆನ್ನು, ಜನರ ನೆತ್ತಿ, ಮರಗಳ ತುದಿ. ಆಡುವವನು ಅಲ್ಲಿ ಒಬ್ಬ ಕಳ್ಳ. ಯಾರ ಕಾರನ್ನಾದರೂ ಕಿತ್ತುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಇಂಥಲ್ಲಿಗೇ ಹೋಗು ಎಂಬ ಕಟ್ಟಳೆಯಿಲ್ಲ. ಆದರೆ ಯಾರಿಗಾದರೂ ಗುದ್ದಿದರೆ, ಅದರಲ್ಲೂ ಪೊಲೀಸರ ಗಾಡಿಗೆ ತಾಗಿಸಿದರೆ, ಪರದೆಯ ಮೇಲ್ತುದಿಯಲ್ಲಿ ಒಂದು ಪೊಲೀಸ್ ಟೋಪಿ ಮೂಡುತ್ತಿತ್ತು. ಒಂದು ಟೋಪಿಗೆ ಒಂದು ಗಾಡಿ ಬೆನ್ನು ಹತ್ತುತ್ತದೆ. ಎರಡಾದರೆ ಮುಂದಿನ ಚೌಕದಲ್ಲಿ ಅಡ್ಡಗಟ್ಟುತ್ತಾರೆ. ಮೂರು, ನಾಲ್ಕಾದರೆ ಎಲ್ಲಿಂದ ಬರುತ್ತವೋ, ಇರುವೆಯ ಹಾಗೆ ಗಾಡಿಗಳು. ಹಿಡಿದರೆ ಪರದೆಯ ತುಂಬ ಸಿಕ್ಕಿಬಿದ್ದೆ ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ಯಜಮಾನರ ಮಾತಿನಲ್ಲಿ ಅದು "ಬೇಡಿ ಬಿತ್ತು".

ಅವರಿಗೆ ದಿನಾ ಬೇಡಿ ಬೀಳುತ್ತಿತ್ತು. ಕೂತ ಎರಡನೆಯ ನಿಮಿಷಕ್ಕೆ ಯಾವುದಾದರೂ ಕಾರು ಎದುರಿಗೆ ಬಂದು ಗುದ್ದಿ, ಟೋಪಿ ಮೂಡಿ, ಪೊಲೀಸರು ಬೆನ್ನಟ್ಟಿ, ಅವರು ಮೇಜು ಕುಟ್ಟಿ ಕೂಗುತ್ತಿದ್ದರು: "ಈ ಊರಿನ ಮಂದೀಗೆ ಗಾಡಿ ಹೊಡ್ಯಾಕೆ ಯಾರು ಲೈಸನ್ಸ್ ಕೊಟ್ರೋ! ಎಲ್ಲಾ ಎದುರಿಗೇ ಬರ್ತಾರಲ್ಲ!" ಆಮೇಲೆ ಅವರು ಬಣ್ಣದ ಅಂಗಡಿಗೆ ಓಡುತ್ತಿದ್ದರು. ಆ ಊರಿನಲ್ಲಿ ಅಂಥದೊಂದು ಅಂಗಡಿಯಿದೆ. ಅದರೊಳಗೆ ನುಗ್ಗಿ ಬಂದರೆ ಕಾರಿಗೆ ಬೇರೆ ಬಣ್ಣ, ಬೇರೆ ನಂಬರು, ಪೊಲೀಸರಿಗೆ ಹಿಂದಿನದೆಲ್ಲ ಮರೆತುಹೋಗುತ್ತದೆ. ಎಷ್ಟು ಸಲ ಬಣ್ಣ ಬದಲಿಸಿದರೂ ಎರಡು ನಿಮಿಷಕ್ಕೆ ಮತ್ತೆ ಟೋಪಿ. ಅವರ ಪ್ರಕಾರ ತಪ್ಪು ಆಟ ಮಾಡಿದವರದು.

ನಾನು ಮಧ್ಯಾಹ್ನ ಪಾತ್ರೆ ತೊಳೆದು, ಅತ್ತೆ ಅಡ್ಡಾದ ಮೇಲೆ, ಕರೆಂಟಿದ್ದರೆ ಆಡುತ್ತಿದ್ದೆ. ಮೊದಮೊದಲು ನನಗೂ ಹಾಗೇ ಆಯಿತು. ಮೊದಲ ದಿನ ಒಬ್ಬ ದಾರಿಹೋಕನಿಗೆ ತಾಗಿಸಿ, ಕೈ ಮುಗಿದು ಕಂಪ್ಯೂಟರ್ ಆರಿಸಿ ಎದ್ದುಬಿಟ್ಟಿದ್ದೆ. ಎರಡು ದಿನ ಅದರ ಹತ್ತಿರ ಹೋಗಲಿಲ್ಲ. ಮೂರನೆಯ ದಿನ, ಓಡಿಸುವುದು ಬೇಡ, ಸುಮ್ಮನೆ ನೋಡೋಣ ಎಂದು ಕಾರನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ ಬೀದಿ ನೋಡುತ್ತಾ ಕೂತೆ. ನಮ್ಮ ಕಿಟಕಿಯಿಂದ ರಸ್ತೆ ನೋಡುವ ಹಾಗೆಯೇ. ಅಕ್ಕಿ ಆರಿಸುತ್ತಾ ಸುಮಾರು ಅರ್ಧ ಗಂಟೆ ನೋಡಿರಬೇಕು. ಮೊರದಲ್ಲಿ ಕಲ್ಲು ಕಂಡಷ್ಟೇ ಸಲೀಸಾಗಿ ಒಂದು ಸಂಗತಿ ಕಂಡಿತು. ಆ ಊರಿನಲ್ಲಿ ಯಾರೂ ತಪ್ಪಾಗಿ ಬರುತ್ತಿರಲಿಲ್ಲ. ಎಲ್ಲರೂ ರಸ್ತೆಯ ಬಲಗಡೆ ಹೋಗುತ್ತಿದ್ದರು. ಹೋಗುವವರೂ ಬಲ, ಬರುವವರೂ ತಮ್ಮ ಬಲ. ತಪ್ಪಾಗಿ ಹೋಗುತ್ತಿದ್ದವರು ನಾವು.

ಎಡಗಡೆ ಎಂಬುದು ನನ್ನ ಮೈಯಲ್ಲೇ ಇತ್ತು. ಶಿವಮೊಗ್ಗದ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಓದಿದವಳು ನಾನು. ಅಲ್ಲಿ ಮೊಗಸಾಲೆಯಲ್ಲಿ ನಡೆಯುವಾಗಲೂ ಗೋಡೆಗೆ ಎಡ ಭುಜ ತಾಗುವಂತೆ ಒಬ್ಬರ ಹಿಂದೊಬ್ಬರು ನಡೆಯಬೇಕು. ನಡುವೆ ಕಾಲಿಟ್ಟರೆ ಸಿಸ್ಟರ್ ಬಾಯಿ ಬಿಡುತ್ತಿರಲಿಲ್ಲ. ಬೆರಳಿನಿಂದ ಎಡಗಡೆ ತೋರಿಸುತ್ತಿದ್ದರು, ಅಷ್ಟೇ. ಮೆಟ್ಟಿಲಿಳಿಯುವಾಗ ಎಡ, ಚರ್ಚಿನ ಬಾಗಿಲಿಗೆ ಎಡ, ಊಟದ ಸಾಲಿಗೆ ಎಡ. ಹಾಗೆ ಬೆಳೆದವಳು ಅಮೆರಿಕೆಗೂ ಎಡಗಡೆಯಲ್ಲೇ ಹೋಗಿದ್ದೆ. ಪಂಪ್‌ಸೆಟ್ ಅಂಗಡಿಯ ಯಜಮಾನರೂ ಎಡಗಡೆಯಲ್ಲೇ ಹೋಗಿದ್ದರು. ಒಂದು ಇಡೀ ಪಟ್ಟಣ ತಪ್ಪಿರಬೇಕು ಎಂದು ನಂಬಿದ್ದೆವೇ ಹೊರತು, ನಮ್ಮ ಸಾಲು ತಪ್ಪಿರಬಹುದು ಎಂದು ತಲೆಗೆ ಹೊಳೆದಿರಲಿಲ್ಲ.

ಮಾರನೆಯ ದಿನದಿಂದ ನಾನು ಬಲಗಡೆ ಹಿಡಿದೆ. ಪೊಲೀಸರ ಗಾಡಿಗಳು ಪಕ್ಕದಲ್ಲೇ ಹಾದುಹೋದವು. ನನ್ನ ಕಾರು ಕದ್ದದ್ದೆಂದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ. ತಾಗಿಸದವಳನ್ನು ಅವರು ನೋಡುವುದೇ ಇಲ್ಲ. ಹಾಗೆಯೇ ನಿಧಾನವಾಗಿ ಅವರ ನಡೆಯೂ ತಿಳಿಯುತ್ತಾ ಬಂತು. ಬೆನ್ನು ಹತ್ತಿದ ಗಾಡಿ ನಮ್ಮನ್ನು ಕೊನೆಯ ಸಲ ಎಲ್ಲಿ ನೋಡಿತೋ ಅಲ್ಲಿಗೆ ಬರುತ್ತದೆ, ಅಲ್ಲಿಂದ ಹುಡುಕಲು ಶುರುಮಾಡುತ್ತದೆ. ಓಡುವ ಕಾರನ್ನು ಅದು ಹುಡುಕುತ್ತದೆ. ಸಾಲಾಗಿ ನಿಂತ ಕಾರುಗಳ ನಡುವೆ ಸೇರಿ ನಿಂತುಬಿಟ್ಟರೆ ಎರಡು ಸುತ್ತು ಬಂದು, ಟೋಪಿ ಮಸುಕಾಗಿ, ಅಳಿಸಿಹೋಗುತ್ತದೆ. ಇದನ್ನೆಲ್ಲ ಯಜಮಾನರಿಗೆ ಹೇಳಲಿಲ್ಲ. ಹೇಳಬಾರದೆಂದಲ್ಲ, ಅವರು ಕೇಳಿರಲಿಲ್ಲ.

ಆ ಬೆಳಿಗ್ಗೆ ಚಹಾದ ಲೋಟ ಕೈಗೆ ಕೊಟ್ಟು, "ರೀ, ವ್ಯಾನು ಕಲಿಸಿಕೊಡ್ರೀ. ತಂಗಿ ಬರೋದ್ರೊಳಗೆ ನಂಗೆ ಸೊರಬಕ್ಕೆ ಹೋಗಿ ಅವತ್ತೇ ಬರೋ ಹಂಗಾಗ್ಬೇಕು," ಎಂದೆ.

ಅವರು ಪೇಪರು ಕೆಳಗಿಳಿಸಿದರು. "ಮತ್ತೆ ಶುರುವಾಯ್ತಾ?"

"ಶುರುವಾಗಿ ಮೂರು ತಿಂಗಳಾಯ್ತು."

"ಕಂಪ್ಯೂಟರಲ್ಲೇ ನೀನು ನೆಟ್ಟಗೆ ಹೊಡಿಯಲ್ಲ. ದಾರೀಲಿ ಹೋಗೋನಿಗೆ ತಾಗಿಸಿ ಕೈ ಮುಗಿದೋಳು."

"ಅದು ಮೊದಲ್ನೇ ದಿನ."

ಅವರಿಗೆ ಆಡುವ ಹುರುಪು ಬಂತು. ಕಣ್ಣಿನ ಮೂಲೆ ಕಿರಿದಾಯಿತು. ಅಂಗಡಿಯಲ್ಲಿ ಗಿರಾಕಿಯೊಂದಿಗೆ ಚೌಕಾಸಿಗೆ ಇಳಿದಾಗ ಹಾಗೆ ಆಗುತ್ತದೆ. "ಹಂಗಾರೆ ಕೇಳು. ನಾನೇ ಪೊಲೀಸ್ ಗಾಡಿಗೆ ಗುದ್ದಿ ಒಂದು ಟೋಪಿ ಬರಿಸಿ ನಿನ್ನ ಕೈಗೆ ಕೊಡ್ತೀನಿ. ನೀನು ಅವರನ್ನ ತಪ್ಪಿಸ್ಕೊಂಡು, ಊರಿನ ಆ ತುದೀಲಿರೋ ಬಂದರಿಗೆ ಹೋಗಿ, ತಿರುಗಿ ಈ ತುದೀಲಿ ಆಟ ಶುರುವಾಗೋ ಶೆಡ್ಡಿಗೆ ಬರ್ಬೇಕು. ಬಣ್ಣದ ಅಂಗಡಿಗೆ ಹೋಗಂಗಿಲ್ಲ. ಬೇಡಿ ಬಿದ್ರೆ ಈ ಜನ್ಮದಲ್ಲಿ ವ್ಯಾನಿನ ಸುದ್ದಿ ಎತ್ತಂಗಿಲ್ಲ."

"ಬಂದ್ರೆ?"

"ಬಂದ್ರೆ ಇವತ್ತೇ ಮಧ್ಯಾಹ್ನ ಗೇರಿನ ಮೇಲೆ ಕೈ ಇಡಿಸ್ತೀನಿ."

ಒಳಗಿನಿಂದ ಅತ್ತೆ, "ಅದಕ್ಕೊಬ್ಬ ಸಾಕ್ಷಿ ಇಟ್ಕೋ, ಆಮೇಲೆ ಇವ್ನು ಮಾತು ತಿರುಗಿಸ್ತಾನೆ," ಎಂದರು. ಅತ್ತೆ ನನ್ನ ಪರವೋ ಅವರ ಪರವೋ ಹೇಳುವಂತಿರಲಿಲ್ಲ. ತಮಾಷೆ ನೋಡುವ ಪರ ಎಂದಿಟ್ಟುಕೊಳ್ಳಬಹುದು.

ಸಾಕ್ಷಿ ಪಕ್ಕದ ಮನೆಯಲ್ಲೇ ಇದ್ದರು. ಅಲ್ಲಿ ಬಾಡಿಗೆಗಿದ್ದವರು ಪೊಲೀಸ್ ಇಲಾಖೆಯ ದಫೇದಾರರು. ಅವರಿಗೂ ಅಂದು ವಾರದ ರಜೆ. ಬನಿಯನ್ನಿನ ಮೇಲೆ ಟವೆಲ್ ಹೊದ್ದು ಬಂದು, ಪರದೆಯ ಮುಂದೆ ಸ್ಟೂಲು ಎಳೆದುಕೊಂಡು ಕೂತರು. ವಿಷಯ ಕೇಳಿ ಮೀಸೆಯೊಳಗೇ ನಕ್ಕರು.

"ಇದು ಭಾರೀ ಆತಲ್ಲ. ಕಳ್ಳಿ ನಮ್ಮ ತಂಗಿ, ಪೊಲೀಸು ಆ ಊರಿನೋರು. ನಾನು ಯಾರ ಕಡೆ?"

"ನೀವು ನ್ಯಾಯದ ಕಡೆ ದಫೇದಾರ್ರೇ," ಎಂದರು ಯಜಮಾನರು.

"ಡ್ಯೂಟಿ ಇಲ್ಲದ ದಿವ್ಸಾನೂ ನ್ಯಾಯಾನಾ? ಇರ್ಲಿ. ಗಡಿಯಾರ ನೋಡ್ಕಳ್ರೀ. ಹನ್ನೊಂದಕ್ಕೆ ಕರೆಂಟು ಹೋಗ್ತದೆ."

ಆಗ ಹತ್ತೂ ನಲವತ್ತು. ಆ ವಾರ ನಮ್ಮ ಬೀದಿಗೆ ಹನ್ನೊಂದರಿಂದ ಎರಡರವರೆಗೆ ಕರೆಂಟಿರಲಿಲ್ಲ. ಕಂಪ್ಯೂಟರಿಗೆ ಒಂದು ಬ್ಯಾಟರಿ ಪೆಟ್ಟಿಗೆ ಇತ್ತು. ಕರೆಂಟು ಹೋದ ಮೇಲೆ ಅದು ಕೀ ಕೀ ಎನ್ನುತ್ತಾ ಹತ್ತು ನಿಮಿಷ ನಡೆಸಿ, ಆಮೇಲೆ ಕೈ ಬಿಡುತ್ತಿತ್ತು. ನಾನು ಕೈ ಒರೆಸಿಕೊಂಡು ಕೂತೆ.

ಯಜಮಾನರು ಬಗ್ಗಿ ಒಂದು ಹಳದಿ ಕಾರು ಹಿಡಿದು, ಹೇಳಿದ ಮಾತಿಗೆ ತಪ್ಪದೆ ಪೊಲೀಸ್ ಗಾಡಿಗೆ ಗುದ್ದಿದರು. ಟೋಪಿ ಮೂಡಿತು. "ತಗಾ," ಎಂದು ಎದ್ದರು.

ನಾನು ಮೊದಲು ಮಾಡಿದ ಕೆಲಸ ಬಲಕ್ಕೆ ಸರಿದದ್ದು. ಆಮೇಲೆ ಸೈರನ್ ಕೂಗುತ್ತಾ ಬರುತ್ತಿದ್ದ ಗಾಡಿಯಿಂದ ತಪ್ಪಿಸಿಕೊಳ್ಳಲು ಎರಡು ತಿರುವು ಬೇಗಬೇಗ ತೆಗೆದುಕೊಂಡು, ಒಂದು ದೊಡ್ಡ ಕಟ್ಟಡದ ಹಿಂದೆ ಕಾರುಗಳು ನಿಲ್ಲುವ ಜಾಗಕ್ಕೆ ಹೋಗಿ, ಎರಡು ಕಾರುಗಳ ನಡುವೆ ಮೂತಿ ತೂರಿಸಿ ನಿಲ್ಲಿಸಿದೆ.

"ಇದೇನೇ? ಗಾಡಿ ಓಡ್ಸು ಅಂದ್ರೆ ನಿಲ್ಲಿಸ್ತಾಳೆ!"

ದಫೇದಾರರು ಕೈ ಎತ್ತಿ ಅವರನ್ನು ತಡೆದರು. "ತಡೀರಿ ತಡೀರಿ. ನಿಲ್ಲಿಸಾದೂ ಓಡಿಸಾದ್ರಾಗೇ ಬರ್ತೈತೆ."

ಪೊಲೀಸ್ ಗಾಡಿ ಆ ಬೀದಿಗೆ ಬಂತು. ಒಂದು ಸುತ್ತು ಹಾಕಿತು. ನಮ್ಮ ನಡುಮನೆಯಲ್ಲಿ ಫ್ಯಾನಿನ ಸದ್ದೊಂದೇ. ಮತ್ತೊಂದು ಸುತ್ತು. ಟೋಪಿ ತೊಳೆದ ಬಟ್ಟೆಯಂತೆ ಬಿಳಚಿಕೊಂಡು ಅಳಿಸಿಹೋಯಿತು.

"ಹೋತು!" ಎಂದರು ದಫೇದಾರರು, ಅವರದೇ ಇಲಾಖೆಗೆ ಮೋಸವಾದದ್ದನ್ನು ಮರೆತು. ಆಮೇಲೆ ನೆನಪಾಗಿ ಗಂಟಲು ಸರಿಮಾಡಿಕೊಂಡು, "ಅಲ್ರೀ, ಒಬ್ಬನ ಹಿಂದೆ ಇಷ್ಟು ಗಾಡಿ ಬಿಡ್ತಾರೆ ಅಂದ್ರೆ ಆ ಊರಾಗೆ ಬೇರೆ ಕೆಲಸ ಇಲ್ಲೇನ್ರೀ? ನಾವು ಹಿಂದೆ ಓಡಲ್ಲ ತಂಗೀ. ಮುಂದಿನ ಊರಿಗೆ ಫೋನ್ ಮಾಡ್ತೀವಿ. ಅಲ್ಲಿ ರಸ್ತೆಗೆ ಒಂದು ಬೆಂಚು ಅಡ್ಡ ಇಟ್ಕಂಡು ಚಾ ಕುಡೀತಿರ್ತಾರೆ. ಬರೋನು ತಾನಾಗೇ ಬರ್ತಾನೆ," ಎಂದರು.

"ಬಂದವನ್ನ ಹೆಂಗೆ ಗುರುತು ಹಿಡೀತೀರಿ?" ಎಂದು ಕೇಳಿದೆ, ಕಣ್ಣು ಪರದೆಯ ಮೇಲಿಟ್ಟೇ. ಕಾರು ಹೊರಗೆ ತೆಗೆದು ಬಂದರಿನ ದಾರಿ ಹಿಡಿದಿದ್ದೆ.

"ಬೆಂಚು ಕಂಡ ಕೂಡ್ಲೆ ಗಾಡಿ ತಿರುಗಿಸ್ತಾನಲ್ಲ, ಅವ್ನೇ. ಏನೂ ಮಾಡದೋನು ನೆಟ್ಟಗೆ ಬಂದು, ಏನ್ ಸಾಹೇಬ್ರೇ ಅಂತಾನೆ."

ಇದು ನನಗೆ ಹಿಡಿಸಿತು. ದಾರಿಯಲ್ಲಿ ಎದುರಿಗೆ ಪೊಲೀಸ್ ಗಾಡಿ ಬಂದಾಗ ನಾನು ತಿರುಗಿಸಲಿಲ್ಲ. ನನ್ನ ಬಲ ಹಿಡಿದು ನೆಟ್ಟಗೆ ಹೋದೆ. ಅದು ನನ್ನ ಪಕ್ಕದಲ್ಲಿ, ಸೀರೆ ಒಣಹಾಕುವ ಎರಡು ಹಗ್ಗದ ನಡುವಿನಷ್ಟು ಅಂತರದಲ್ಲಿ, ಹಾದುಹೋಯಿತು. ಯಜಮಾನರು ಈಗ ಕುರ್ಚಿ ಬಿಟ್ಟು ನನ್ನ ಹಿಂದೆ ನಿಂತಿದ್ದರು.

"ಯಾರೂ ಎದುರಿಗೆ ಬರ್ತಿಲ್ವಲ್ಲೇ?" ಎಂದರು. ದನಿಯಲ್ಲಿ ಅನುಮಾನ.

"ಅವರವರ ದಾರೀಲಿ ಹೋಗ್ತಾ ಇದಾರೆ."

ಬಂದರಿಗೆ ಮುಟ್ಟಿದೆ. ನೀಲಿ ನೀರು, ಅದರ ದಡದಲ್ಲಿ ಸಾಲು ಲಾರಿಗಳು. ಗಡಿಯಾರ ಹನ್ನೊಂದಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಅರ್ಧ ಗೆದ್ದೆ ಎಂದು ಒಳಗೊಳಗೇ ಹಿಗ್ಗಿ ಕಾರು ಹಿಂದಕ್ಕೆ ತಿರುಗಿಸಿದೆ. ಆಗಲೇ ಆಗಿದ್ದು ಅದು. ತಿರುವಿನಲ್ಲಿ ಎದುರಿಗೆ ಫಕ್ಕನೆ ಪೊಲೀಸ್ ಗಾಡಿ ಕಂಡಿತು. ಯೋಚಿಸುವುದಕ್ಕೆ ಹೊತ್ತಿರಲಿಲ್ಲ. ಹೊತ್ತಿಲ್ಲದಾಗ ಕೈ ಯಾರ ಮಾತಿಗೆ ಪಳಗಿದೆಯೋ ಅವರ ಮಾತೇ ಕೇಳುತ್ತದೆ. ನನ್ನ ಕೈ ಸಿಸ್ಟರ್ ಮಾತು ಕೇಳಿತು. ಬೆರಳು ಎಡದ ಗುಂಡಿ ಒತ್ತಿತು. ಹಳದಿ ಕಾರು ನೇರ ಆ ಗಾಡಿಯ ಮೂತಿಗೆ ಹೋಗಿ ಉಜ್ಜಿತು. ಒಂದು ಟೋಪಿ. ಹಿಂದೆ ಸರಿಯುವಾಗ ಇನ್ನೊಂದು ಪೊಲೀಸ್ ಗಾಡಿಗೆ ತಾಗಿ ಎರಡನೆಯ ಟೋಪಿ.

ಯಜಮಾನರು ಚಪ್ಪಾಳೆ ತಟ್ಟಿದರು. "ಮುಗೀತು! ಸೊರಬ ಬಸ್ಸೇ ಗತಿ!"

"ಬಾಯ್ಮುಚ್ಚೋ," ಎಂದರು ಅತ್ತೆ. ಅವರು ಯಾವಾಗ ಅಡಿಗೆಮನೆಯಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರೋ ಗೊತ್ತಿರಲಿಲ್ಲ. ಕೈಯಲ್ಲಿ ಅರ್ಧ ಸೋಸಿದ ಮೆಂತ್ಯದ ಸೊಪ್ಪು.

ನನಗೆ ತಂಗಿಯ ನೆನಪಾಯಿತು. ಬಸ್ಸಿನಲ್ಲಿ ತೊಡೆಯ ಮೇಲೆ ಖಾರದಪುಡಿಯ ಡಬ್ಬಿ ಇಟ್ಟುಕೊಂಡು, ಶಿರಾಳಕೊಪ್ಪದಲ್ಲಿ ನೆರಳು ಹುಡುಕುತ್ತಾ ನಿಲ್ಲುವ ನನ್ನದೇ ಚಿತ್ರ ಕಣ್ಣಿಗೆ ಬಂತು. ಅಂಥ ಹೊತ್ತಿನಲ್ಲಿ ನನಗೆ ಗಾಬರಿಯಾಗುವುದಿಲ್ಲ. ಹಾಲು ಉಕ್ಕಿ ಬರುವಾಗಲೂ ಕೂಗುವವಳಲ್ಲ ನಾನು; ಉರಿ ತಗ್ಗಿಸುವವಳು. ಲಾರಿಗಳ ಸಾಲು ನೋಡಿ ಇಟ್ಟುಕೊಂಡಿದ್ದೆನಲ್ಲ, ಅದರ ಹಿಂದಿನಿಂದ ಬಳಸಿ ಹೋಗಿ, ಎರಡು ದೊಡ್ಡ ಲಾರಿಗಳ ನಡುವೆ ಕಾರು ಸೇರಿಸಿ ಕೈ ತೆಗೆದೆ.

ಗಾಡಿಗಳು ಬಂದವು. ಒಂದು, ಎರಡು, ನಾಲ್ಕು. ಲಾರಿಯ ಆಚೆ ಸೈರನ್ನು. ಅಷ್ಟರಲ್ಲಿ ನಮ್ಮ ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಟ್ಯೂಬ್‌ಲೈಟು ಆರಿತು. ಬ್ಯಾಟರಿ ಪೆಟ್ಟಿಗೆ ಕೀ ಎಂದಿತು.

"ಹತ್ತು ನಿಮಿಷ," ಎಂದರು ದಫೇದಾರರು, ಗಡಿಯಾರಕ್ಕೆ ಮುಖ ಮಾಡಿ.

ಆ ಹತ್ತರಲ್ಲಿ ಎರಡು ನಿಮಿಷ ನಾನು ಲಾರಿಗಳ ನಡುವೆಯೇ ಕಳೆದೆ. ಒಂದು ಟೋಪಿ ಹೋಯಿತು. ಅತ್ತೆ ಸೊಪ್ಪಿನ ಒಂದು ಕಡ್ಡಿಯನ್ನೇ ಎಷ್ಟು ಹೊತ್ತಿನಿಂದ ಚಿವುಟುತ್ತಿದ್ದರೋ, ಎಲೆ ಮುಗಿದು ದಂಟಿಗೆ ಬಂದಿತ್ತು. ಎರಡನೆಯ ಟೋಪಿಯೂ ಹೋಯಿತು. ನಾನು ಹೊರಗೆ ಬಂದು ಬಲ ಹಿಡಿದೆ.

"ಬೇಗ ಹೋಗೇ," ಎಂದರು ಯಜಮಾನರು. ಅವರೇ! "ಕರೆಂಟಿಲ್ಲ, ಇನ್ನೆಂಟೇ ನಿಮಿಷ ಐತೆ. ಒತ್ತು, ಒತ್ತು! ಆ ಲಾರೀನ ಹಿಂದೆ ಹಾಕು!"

"ನೀವು ಯಾರ ಕಡೆ ರೀ?" ಎಂದೆ.

"ಈಗ ಅದೆಲ್ಲ ಯಾಕೆ? ಹೊಡಿ!"

ನಾನು ಹೊಡೆಯಲಿಲ್ಲ. ಮುಂದಿದ್ದ ಲಾರಿ ತಿರುಗುವವರೆಗೆ ಅದರ ಹಿಂದೆಯೇ ಹೋದೆ. ದೊಡ್ಡ ಸೇತುವೆ ದಾಟಿದೆ. ಉದ್ಯಾನದ ಪಕ್ಕದಲ್ಲಿ ಬಂದೆ. ಎರಡು ತಿರುವು ಮಾತ್ರ ಉಳಿದಿದ್ದವು; ಪರದೆಯ ಮೂಲೆಯಲ್ಲಿ ನಮ್ಮ ಶೆಡ್ಡಿನ ಬೂದು ಮಾಡಿನ ಒಂದು ಚೂರು ಕಾಣಿಸಿಕೊಂಡಿತು. ಬ್ಯಾಟರಿ ಪೆಟ್ಟಿಗೆ ಒಂದು ಉದ್ದನೆಯ ಕೂಗು ಹಾಕಿತು. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ನಮ್ಮ ನಾಲ್ವರ ಮುಖಗಳು ಒಂದರ ಪಕ್ಕ ಒಂದು ಕಂಡವು.

ಮೊದಲು ಚೇತರಿಸಿಕೊಂಡವರು ಯಜಮಾನರು. "ಶೆಡ್ಡಿಗೆ ಮುಟ್ಟಿಲ್ಲ," ಎಂದರು. ಆದರೆ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ಕರಾರು ಅಂದ್ರೆ ಕರಾರು. ಹೌದಲ್ರೀ ದಫೇದಾರ್ರೇ?"

ದಫೇದಾರರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, ಮಹಜರು ಬರೆಯುವವರಂತೆ ಒಂದೊಂದೇ ಬೆರಳು ಮಡಚಿದರು. "ಆರೋಪಿ ಸಿಕ್ಕಿಲ್ಲ. ಕದ್ದ ಕಾರು ಸಿಕ್ಕಿಲ್ಲ. ಕೊನೇ ಹೊತ್ನಲ್ಲಿ ತಲೆ ಮೇಲೆ ಟೋಪಿ ಇರಲಿಲ್ಲ. ಇನ್ನ ನಾನು ಏನಂತ ಕೇಸು ಬರೀಲಿ?"

"ಕರೆಂಟು ಹೋತು ಅಂತ ಬಚಾವಾದ್ಲು!"

"ಕರೆಂಟು ಹನ್ನೊಂದಕ್ಕೇ ಹೋಗಿತ್ತು ರೀ," ಎಂದೆ. "ಆಮೇಲೆ ಹತ್ತು ನಿಮಿಷ ನಾನಿನ್ನೂ ದಾರೀಲೇ ಇದ್ದೆ. ಒಂದ್ಸಲಾನಾದ್ರೂ ನೀವು ಅಷ್ಟು ಹೊತ್ತು ಬೇಡಿ ಬೀಳದೆ ಇದ್ದೀರಾ?"

ಅವರು ಕಪ್ಪು ಪರದೆಯತ್ತ ಬೆರಳು ತೋರಿಸಿ, "ಅದ್ಸರಿ, ನಿಂಗ್ಯಾಕೆ ಯಾರೂ ಎದುರಿಗೆ ಬರ್ಲಿಲ್ಲ?" ಎಂದು ಕೇಳಿದರು. ಇಷ್ಟು ದಿನಗಳಲ್ಲಿ ಮೊದಲ ಸಲ ಕೇಳಿದರು.

"ಆ ಊರಲ್ಲಿ ಬಲಗಡೆ ಹೋಗ್ಬೇಕು ರೀ. ನೀವು ಎಡಗಡೆ ಹೋಗ್ತೀರಿ."

"ಬಲಗಡೆ? ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನಿಂತು ನೋಡ್ದೆ."

ದಫೇದಾರರು ಹೊಟ್ಟೆ ಹಿಡಿದು ನಗಲು ಶುರುಮಾಡಿದರು. "ಅಂದ್ರೆ ಇಷ್ಟು ದಿವ್ಸ ನೀವು ರಾಂಗ್ ಸೈಡಲ್ಲಿ ಹೋಗಿ ಆ ಪೊಲೀಸ್ನೋರ್ನ ಬೈತಿದ್ರಾ? ಅವರು ಬೇಡಿ ಹಾಕಿದ್ದೇ ಸರಿ ಬಿಡ್ರೀ! ನಾನಾಗಿದ್ರೂ ಹಾಕ್ತಿದ್ದೆ!"

ಯಜಮಾನರ ಕಿವಿ ಕೆಂಪಾಯಿತು. ಅವರು ತಾಯಿಯ ಕಡೆ ನೋಡಿದರು. ಅಲ್ಲಿ ಆಸರೆ ಸಿಗಬಹುದೆಂದು ಇರಬೇಕು. ಅತ್ತೆ ಮೆಂತ್ಯದ ದಂಟನ್ನು ಮೊರಕ್ಕೆ ಹಾಕಿ, "ಎದುರಿಗೆ ಬರೋರಿಗೆ ದಾರಿ ಬಿಟ್ಕಂತಾ ಹೋದ್ಲು. ನೀನು ನಿಜವಾದ ರೋಡಲ್ಲೂ ಬಿಡಲ್ಲ. ನಿನ್ನ ಹಿಂದೆ ಕೂತು ನಾನು ಎಷ್ಟು ಸಲ ಶಿವಾ ಶಿವಾ ಅಂದಿದೀನಿ. ಕಲಿಸು ಅವಳಿಗೆ. ನಂಗೂ ಒಬ್ರು ನೆಮ್ಮದಿಯಾಗಿ ಕರ್ಕಂಡು ಹೋಗೋರು ಬೇಕು," ಎಂದು ಒಳಗೆ ಹೋದರು.

ಮಾತು ಅಲ್ಲಿಗೆ ಮುಗಿಯಿತು. ದಫೇದಾರರು ಏಳುವಾಗ ಮಾತ್ರ ಇಲಾಖೆಯ ದನಿ ತಂದುಕೊಂಡು, "ಮೊದ್ಲು ಎಲ್ಲೆಲ್ಲಾರ್ ಮಾಡಿಸಿ ತಂಗೀ, ಕಲಿಯೋರ ಲೈಸನ್ಸು. ಅಲ್ಲೀ ತನಕ ಮೈದಾನ ಬಿಟ್ಟು ರೋಡಿಗೆ ಬಂದ್ರೆ ನಾನೇ ಬೆಂಚು ಅಡ್ಡ ಇಡ್ತೀನಿ," ಎಂದು ಹೇಳಿಹೋದರು.

ಊಟವಾದ ಮೇಲೆ ಯಜಮಾನರು ತಾವಾಗಿಯೇ ಬೀಗದ ಕೈ ತೆಗೆದುಕೊಂಡರು. ಊರಾಚೆ ಒಂದು ಬಯಲಿತ್ತು, ಅಡಿಕೆ ಒಣಗಿಸುವ ಕಾಲ ಬಿಟ್ಟರೆ ಖಾಲಿ. ಅಲ್ಲಿಯವರೆಗೆ ಅವರೇ ಓಡಿಸಿದರು. ದಾರಿಯಲ್ಲಿ ಒಂದು ಎತ್ತಿನ ಗಾಡಿಗೆ ನಿಲ್ಲಿಸಿ ದಾರಿ ಬಿಟ್ಟು, ನಾನು ನೋಡಿದೆನೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡಿದರು. ನೋಡಿದ್ದೆ.

ಜಾಗ ಬದಲಾಯಿಸಿ ಕೂತೆ. ಸೀಟು ಮುಂದಕ್ಕೆ ಎಳೆದೆ. ಕನ್ನಡಿಯಲ್ಲಿ ನನ್ನ ಕುಂಕುಮ ಕಾಣುತ್ತಿತ್ತು. ಹಿಂದಿನ ಗಾಜು ಕಾಣುವ ಹಾಗೆ ಅದನ್ನು ತಿರುಗಿಸಿದೆ. ಕಂಪ್ಯೂಟರಿನಲ್ಲಿ ಕ್ಲಚ್ಚಿರಲಿಲ್ಲ. ಇಲ್ಲಿ ಅದೇ ಎಲ್ಲಕ್ಕೂ ದೊಡ್ಡದು. ಮೊದಲ ಸಲ ವ್ಯಾನು ಮೇಕೆಮರಿಯಂತೆ ಎರಡು ನೆಗೆತ ನೆಗೆದು ನಿಂತಿತು. ಎರಡನೆಯ ಸಲವೂ. ಐದನೆಯ ಸಲಕ್ಕೆ ಹೊರಟಿತು. ಆಮೇಲೆ ಬಯಲಿಗೆ ಮೂರು ಸುತ್ತು ಬಂದೆ, ಒಂದನೇ ಗೇರಿನಲ್ಲಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಗಟ್ಟಿ ಹಿಡಿದು. ಕಾಲಿನ ಕೆಳಗೆ ಭೂಮಿ ಸರಿಯುವುದು ಪರದೆಯಲ್ಲಿ ಗೊತ್ತಾಗುವುದಿಲ್ಲ. ಇಲ್ಲಿ ಅಂಗಾಲಿನಿಂದ ಬೆನ್ನಿನವರೆಗೂ ಗೊತ್ತಾಯಿತು.

ನಾಲ್ಕನೆಯ ಸುತ್ತಿಗೆ ಯಜಮಾನರು ಇಳಿದು ದೂರ ಹೋಗಿ ನಿಂತರು. "ಈಗ ನಾನು ಬಸ್ಸು! ಎದುರಿಗೆ ಬರ್ತೀನಿ!" ಎಂದು ಕೂಗಿ, ಎರಡೂ ಕೈ ಅಗಲಿಸಿ, ಬಾಯಲ್ಲಿ ಹಾರ್ನು ಹೊಡೆಯುತ್ತಾ ನಡೆದುಬಂದರು. ನಾನು ನಿಧಾನವಾಗಿ, ಗಂಭೀರವಾಗಿ, ಬಲಕ್ಕೆ ತಿರುಗಿಸಿದೆ.

"ಎಡ! ಎಡಾ ಕಣೇ! ಇದು ನಮ್ಮೂರು!" ಎಂದು ಬಸ್ಸು ಲುಂಗಿ ಎತ್ತಿಕೊಂಡು ಓಡಿತು.

ಬ್ರೇಕು ಒತ್ತಿ ನಿಲ್ಲಿಸಿದೆ. ಇಬ್ಬರೂ ನಕ್ಕೆವು. ಅವರು ಹತ್ತಿರ ಬಂದು ಕಿಟಕಿಯ ಮೇಲೆ ಕೈಯಿಟ್ಟು, ಏದುಸಿರು ಬಿಡುತ್ತಾ, "ನಿಲ್ಸಿದ್ದು ಮಾತ್ರ ಚೆನ್ನಾಗಿತ್ತು," ಎಂದರು. ಅದು ಅವರಿಂದ ಬಂದ ಮೊದಲ ಸರ್ಟಿಫಿಕೇಟು. ಎಡಗಡೆ ಮೈಗೆ ಮತ್ತೆ ಕೂಡಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಸೊರಬದ ತವರಿನ ಬಾಗಿಲವರೆಗೆ ಒಬ್ಬಳೇ ಹೋಗಲು ಎರಡು ತಿಂಗಳು. ಆದರೆ ಆಗುತ್ತದೆ ಎಂಬುದು ಆ ಬಯಲಿನಲ್ಲೇ ತೀರ್ಮಾನವಾಗಿತ್ತು, ಬಾಕಿಯದು ಕಾಗದಪತ್ರ.

ಸಂಜೆ ದೀಪ ಹಚ್ಚಿ, ಹಿತ್ತಿಲಿನ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದೆ. ಕಾಲಿನ ಮೀನಖಂಡ ಕ್ಲಚ್ಚು ಒತ್ತಿ ಒತ್ತಿ ಸಣ್ಣಗೆ ನೋಯುತ್ತಿತ್ತು. ಪಾಗಾರದ ಗೋಡೆಯ ಆಚೆ ದಫೇದಾರರ ಹೆಂಡತಿ ತಾಮ್ರದ ಬಿಂದಿಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಅವರ ತವರೂ ಸೊರಬದ ಕಡೆಯೇ. ಗಂಡ ಎಲ್ಲ ಹೇಳಿರಬೇಕು. ಆದರೆ ಆಟದ ಬಗ್ಗೆ, ಪಂದ್ಯದ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ಬಿಂದಿಗೆಯ ಕಂಠ ತಿಕ್ಕುತ್ತಾ, ತಲೆ ಎತ್ತದೆಯೇ ಹೇಳಿದರು:

"ನೀವು ಸೊರಬಕ್ಕೆ ಹೊರಡೋ ದಿನ ಹಿಂದಿನ ಸಂಜೇನೇ ಒಂದು ಮಾತು ಹೇಳಿ ಮಾರಾಯ್ರೆ. ಕುಪ್ಪಗಡ್ಡೆಗೆ ನಮ್ಮಕ್ಕನ ಮನೇಗೆ ಹೋಗ್ದೆ ವರ್ಷ ಆತು. ಸೊರಬದ ಬಸ್ ಸ್ಟ್ಯಾಂಡಲ್ಲಿ ಇಳಿಸಿದ್ರೆ ಸಾಕು, ಅಲ್ಲಿಂದ ಮುಂದೆ ನಾನೇ ನೋಡ್ಕಳ್ತೆ."